ಧಾರಾವಾಹಿ ಅತ್ತೆಯ ಮಗಳು

ಸುರಭಿಯ ತಾಯಿ ಕಾತ್ಯಾಯಿನಿಯನ್ನು ಕಂಡರೆ ಜಯನಗರದ ಹೆಂಗಸರಿಗೆ ಒಳಗೊಳಗೇ ಸಿಟ್ಟು. ತೊಂಬತ್ತರ ದಶಕದಲ್ಲಿ ಟೀವಿಯಲ್ಲಿ ಬರುತ್ತಿದ್ದ ಧಾರಾವಾಹಿಯೊಂದರಲ್ಲಿ ಆಕೆ ಸೊಸೆಯನ್ನು ಹುರಿದು ಮುಕ್ಕುವ ಅತ್ತೆ. ಸೊಪ್ಪು ಮಾರುವ ಮುದುಕಿಯಂತೂ ಸುರಭಿಯ ಗಲ್ಲ ಸವರಿ, "ಮನೇಲಿ ಹೊಟ್ಟೆಗೆ ಸರಿಯಾಗಿ ಹಾಕ್ತಾರಾ ಮಗಾ?" ಎಂದು ಕೇಳಿದ್ದಳು.

ನಿಜಕ್ಕೆ ಕಾತ್ಯಾಯಿನಿ ಮಹಾ ಪುಕ್ಕಲು. ಜಿರಲೆ ಕಂಡರೂ ಮಗಳನ್ನು ಕೂಗುವಳು. ಶಾಲೆಯಲ್ಲಿ ಗೆಳತಿಯರು "ನಿಮ್ಮಮ್ಮ ನಿನಗೂ ಬರೆ ಹಾಕ್ತಾರೇನೇ?" ಎಂದಾಗ ಸುರಭಿ ಹೌದೆನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವರ ಕನಿಕರ, ಅದರ ಜೊತೆಗೆ ಸಿಗುತ್ತಿದ್ದ ಕಡಲೆಮಿಠಾಯಿ ಹಿತವಾಗಿತ್ತು. ಪೇರೆಂಟ್ಸ್ ಮೀಟಿಂಗಿಗೆ ಮಾತ್ರ ಅಪ್ಪನನ್ನೇ ಕರೆದೊಯ್ಯುತ್ತಿದ್ದಳು. ಏಕೆಂದು ಅಮ್ಮ ಒಮ್ಮೆಯೂ ಕೇಳಲಿಲ್ಲ.

ಸುರಭಿ ಓದು ಮುಗಿಸಿ, ಬನಶಂಕರಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆದಳು. 2004ರಲ್ಲಿ ಭಾರ್ಗವ ಎಂಬ ಹುಡುಗನ ಕಡೆಯವರು ಹೆಣ್ಣು ನೋಡಲು ಬಂದರು. ಅವನ ಅಜ್ಜಿ ಜಯಶೀಲಮ್ಮ ಕೂತವರೇ ಕಾತ್ಯಾಯಿನಿಯನ್ನು ತರಾಟೆಗೆ ತೆಗೆದುಕೊಂಡರು.

"ಅಲ್ರೀ, ಬಸುರಿ ಸೊಸೇನ ಮನೆಯಿಂದ ಆಚೆ ಹಾಕಿದ್ರಲ್ಲ, ಅದ್ಯಾವ ನ್ಯಾಯ?"

ಕಾಫಿ ತಟ್ಟೆ ಹಿಡಿದು ನಿಂತಿದ್ದ ಕಾತ್ಯಾಯಿನಿ, "ತಪ್ಪಾಯ್ತು ಅಮ್ಮ" ಎಂದುಬಿಟ್ಟಳು. ಲೋಟಗಳು ಗಡಗಡ ನಡುಗುತ್ತಿದ್ದವು.

ಸುರಭಿ ದಡಕ್ಕನೆ ಎದ್ದಳು. "ಏನಮ್ಮಾ ತಪ್ಪಾಗಿದ್ದು? ಅಜ್ಜಿ, ಅದು ಯಾರೋ ಬರೆದುಕೊಟ್ಟ ಮಾತು. ನಮ್ಮಮ್ಮ ಇವತ್ತಿನವರೆಗೂ ನನಗೊಂದು ಏಟು ಹಾಕಿಲ್ಲ. ಅವರಿಗೆ ಹೀಗೆಲ್ಲ ಅನ್ನೋದಾದ್ರೆ ಈ ಸಂಬಂಧಾನೇ ಬೇಡ."

ಭಾರ್ಗವ ನೆಲ ನೋಡುತ್ತ ಕೂತ. ಅಜ್ಜಿ ಸುರಭಿಯನ್ನು ಮೇಲಿಂದ ಕೆಳಗೆ ದಿಟ್ಟಿಸಿ, ಮೊಮ್ಮಗನತ್ತ ತಿರುಗಿದರು.

"ಹುಡುಗಿ ಜೋರಿದಾಳೆ ಕಣೋ. ನಿನ್ನಂಥ ಮೂಗಬಸವನಿಗೆ ಇಂಥೋಳೇ ಸರಿ."

ಆಮೇಲೆ ಎದ್ದು, ಕಾತ್ಯಾಯಿನಿಯ ಕೈಯಿಂದ ತಟ್ಟೆ ಇಸಿದುಕೊಂಡರು. "ಕೂತ್ಕೊಳ್ಳಿ ತಾಯಿ, ನೀವೇ ಇಷ್ಟು ನಡುಗಿದ್ರೆ ಹೇಗೆ?"

ಅವರೆಲ್ಲ ಹೊರಟ ಮೇಲೆ ಕಾತ್ಯಾಯಿನಿ ಲೋಟ ತೊಳೆಯುತ್ತ, ತಿರುಗಿ ನೋಡದೆ ಹೇಳಿದಳು: "ಚಿಕ್ಕೋಳಿದ್ದಾಗ ನಿನಗೂ ನನ್ನ ಕಂಡ್ರೆ ಭಯ ಅಂದ್ಕೊಂಡಿದ್ದೆ ಕಣೇ. ಅದಕ್ಕೇ ಸ್ಕೂಲ್ ಕಡೆ ಬರ್ತಿರಲಿಲ್ಲ."

ಸುರಭಿ ಹಿಂದಿನಿಂದ ಅಮ್ಮನನ್ನು ತಬ್ಬಿ, ಬೆನ್ನಿಗೆ ಕೆನ್ನೆ ಒತ್ತಿ ನಿಂತಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

ಮದುವೆಯ ದಿನ ಜನ ವಧುವನ್ನು ಬಿಟ್ಟು ವಧುವಿನ ತಾಯಿಯನ್ನು ನೋಡಲು ಮುಗಿಬಿದ್ದರು. ಮೂಲೆ ಸೇರುತ್ತಿದ್ದ ಅಮ್ಮನನ್ನು ಸುರಭಿ ಎಳೆದು ತಂದು, ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಫ್ಲ್ಯಾಷಿಗೆ ಬೆಚ್ಚಿ, ಅರ್ಧಕ್ಕರ್ಧ ಫೋಟೋಗಳಲ್ಲಿ ಕಾತ್ಯಾಯಿನಿ ಕಣ್ಣು ಮುಚ್ಚಿಕೊಂಡಿದ್ದಾಳೆ.