ಪಂಪಿನ ಚರ್ಮದ ಬಿಲ್ಲೆ

ಇದನ್ನು ಬರೆಯಬೇಕೆಂದು ಕುಳಿತು, ಬೇರೆ ಏನೋ ಕೆಲಸ ನೆನಪಾದಂತೆ ಮಾಡಿಕೊಂಡು ಎದ್ದುಹೋದದ್ದು ಎಷ್ಟು ಸಲವೋ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಈಗ ಕೇಳುವವರು ಯಾರೂ ಇಲ್ಲದಿರುವಾಗ ಬರೆಯುತ್ತಿದ್ದೇನೆ.

ನನ್ನ ಊರು ಪಂಜದ ಕಡೆ. ಹೈಸ್ಕೂಲು ಮುಗಿಸಿ ಪುತ್ತೂರಿಗೆ ಬಂದು ದರ್ಬೆಯಲ್ಲಿ ಒಂದು ಮೋಟಾರು ರಿಪೇರಿ ಅಂಗಡಿಗೆ ಸೇರಿದೆ. ಅರುವತ್ತರ ದಶಕದ ನಡುಗಾಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಸ್ಟೌ, ಗೋಡೆಗೆ ಒಂದು ಮೊಳೆ. ಅಂಗಡಿಯ ಕದ ಎಳೆದ ಮೇಲೆ ಮರುದಿನ ಯಾರಾದರೂ ಕೆಟ್ಟ ಪಂಪು ಹೊತ್ತು ತರುವವರೆಗೆ ನಾನು ಬಾಯಿ ತೆರೆಯುತ್ತಿದ್ದುದೇ ಕಡಿಮೆ. ಸೋಮವಾರ ಬೆಳಿಗ್ಗೆ ಮಾತ್ರ ಮಡಿವಾಳರ ಹೆಂಗಸೊಬ್ಬರು ಬರುತ್ತಿದ್ದರು. ಮೊಳೆಗೆ ತೂಗುಹಾಕಿದ ನನ್ನ ಅಂಗಿ ಮುಂಡುಗಳನ್ನು ಗಂಟಿಗೆ ಸೇರಿಸಿಕೊಂಡು, ಬಾಗಿಲಲ್ಲಿ ನಿಂತು, "ಊಟಕ್ಕೆ ಎಂತ ಮಾಡ್ತೀರಿ ಅಣ್ಣ? ಅಂಗಿಯಲ್ಲಿ ಬರೀ ಸೀಮೆಎಣ್ಣೆ ವಾಸನೆ, ಸಾರಿನ ಕಲೆ ಒಂದೂ ಇಲ್ಲ" ಎಂದು ನಗುತ್ತಿದ್ದರು. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಅವರು ನನ್ನನ್ನು "ನೀವು" ಎನ್ನುತ್ತಿದ್ದರು, ನಾನು ಅವರನ್ನು "ನೀನು" ಎನ್ನುತ್ತಿದ್ದೆ. ಆಗ ಅದು ಹಾಗೆಯೇ ಇತ್ತು, ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಅವರು ಬಟ್ಟೆ ಒಗೆಯುತ್ತಿದ್ದ ಮನೆಗಳಲ್ಲಿ ದೊಡ್ಡದು ಒಬ್ಬ ವಕೀಲರದು. ಮಡಿಕೇರಿಯ ಮೇಲಿನ ಕಾಫಿ ತೋಟದ ದೊರೆಯೊಬ್ಬ ಬಂಗಲೆ ಖಾಲಿ ಮಾಡಿ ಹೊರಟಾಗ, ಅಲ್ಲಿದ್ದ ಬಟ್ಟೆ ಒಗೆಯುವ ಯಂತ್ರವನ್ನು ವಕೀಲರು ಕೊಂಡು ಲಾರಿಯಲ್ಲಿ ಇಳಿಸಿದರು. ದುಂಡಗಿನ ತೊಟ್ಟಿ, ನಡುವೆ ಬಟ್ಟೆಯನ್ನು ಅತ್ತಿತ್ತ ತಿರುಗಿಸುವ ರೆಕ್ಕೆಯ ಕಂಬ, ಮೇಲೆ ಹಿಂಡಲು ಎರಡು ರಬ್ಬರಿನ ಉರುಳೆ, ತೊಟ್ಟಿಯ ಕೆಳಗೆ ಮೋಟಾರು. ಅಂಥದ್ದನ್ನು ಪುತ್ತೂರಿನಲ್ಲಿ ನಾವು ಯಾರೂ ಕಂಡಿರಲಿಲ್ಲ. ಇನ್ನು ಆ ಹೆಂಗಸಿಗೆ ಆ ಮನೆಯ ಕೆಲಸ ಹೋಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ವಕೀಲರ ಹೆಂಡತಿ ಯಂತ್ರವನ್ನು ಮುಟ್ಟಲು ಹೆದರಿದರು. ಕೊನೆಗೆ ಶನಿವಾರ ಶನಿವಾರ ಅದನ್ನು ನಡೆಸುವ ಕೆಲಸವೂ ಆ ಹೆಂಗಸಿಗೇ ಬಂತು. ಒಂದು ತಿಂಗಳಲ್ಲಿ ಅದರ ಸದ್ದಿನಿಂದಲೇ ಬಟ್ಟೆ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವಷ್ಟು ಕಲಿತುಬಿಟ್ಟರು.

ಆ ಬೇಸಿಗೆಗೆ ವಕೀಲರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಮ್ಮ ಕಡೆ ಹೆರಿಗೆಯ ಸೂತಕ ಕಳೆಯುವ ದಿನ ಮಡಿವಾಳ ಹೆಂಗಸು ತಂದುಕೊಟ್ಟ ಮಡಿ ಬಟ್ಟೆ ಉಟ್ಟ ಮೇಲೆಯೇ ಬಾಣಂತಿ ಶುದ್ಧವಾಗುವುದು. ಅಂದು ಆ ಹೆಂಗಸು ಬಾರದೆ ಮನೆಯಲ್ಲಿ ಯಾವ ಕಾರ್ಯವೂ ನಡೆಯುವುದಿಲ್ಲ.

"ಆ ಹುಡುಗಿ ಹುಟ್ಟಿದಾಗ ಅದರ ಅಮ್ಮನಿಗೆ ಮಡಿ ಕೊಟ್ಟದ್ದು ನಾನೇ ಅಣ್ಣ" ಎಂದು ಒಂದು ಸೋಮವಾರ ಹೇಳಿದರು. "ಆಗ ನನಗೆ ಮದುವೆಯಾಗಿ ಒಂದು ವರ್ಷ. ಈಗ ಅದಕ್ಕೂ ನಾನೇ ಕೊಡುದು. ಹೊಸ ಸೀರೆಯನ್ನು ಬೇರೆಯೇ ಒಗೆದು ಇಟ್ಟಾಗಿದೆ." ಅವರಿಗೆ ಮಕ್ಕಳಿರಲಿಲ್ಲ.

ಅಷ್ಟರಲ್ಲಿ ಯಂತ್ರ ಸೋರತೊಡಗಿತು, ವಕೀಲರು ನನ್ನನ್ನು ಕರೆಸಿದರು. ಬಿಚ್ಚಿ ನೋಡಿದೆ. ರೆಕ್ಕೆಯ ಕಂಬ ತೊಟ್ಟಿಯೊಳಗೆ ಬರುವ ತೂತಿನ ಸುತ್ತ ನೀರು ತಡೆಯಲು ಇದ್ದ ರಬ್ಬರಿನ ಬಿಲ್ಲೆ ಸವೆದಿತ್ತು. ಅದು ಪುತ್ತೂರಿನಲ್ಲೂ ಇಲ್ಲ, ಮಂಗಳೂರಿನಲ್ಲೂ ಇಲ್ಲ. ಕಡಬದಿಂದ ಸುಳ್ಯದವರೆಗೆ ತೋಟಗಳ ಪಂಪುಗಳಿಗೆಲ್ಲ ನಾನು ಚರ್ಮದ ಬಿಲ್ಲೆ ಕತ್ತರಿಸಿ ಹಾಕಿದವನು, ಒಂದೂ ಸೋರಿರಲಿಲ್ಲ. ಇದಕ್ಕೂ ಅದೇ ಚರ್ಮವನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದೆ. ಸೋರುವುದು ನಿಂತಿತು. ವಕೀಲರಿಗೆ ಖುಷಿಯಾಗಿ, ವಿದ್ಯುತ್ ಮಂಡಳಿಯಲ್ಲಿ ಕೆಲಸಕ್ಕೆ ನಿನ್ನ ಹೆಸರು ಹೇಳುತ್ತೇನೆ ಎಂದರು.

ಎರಡು ವಾರ ಕಳೆದು ಆ ಹೆಂಗಸು ಗಂಟು ಇಳಿಸುತ್ತಾ ಹೇಳಿದರು: "ಅಣ್ಣ, ಮಿಷನಿನ ಅಡಿಯಲ್ಲಿ ನೀರು ಇಳಿತಾ ಉಂಟು. ಮೊದಲ ತೊಟ್ಟಿ ಬಟ್ಟೆಗೆ ಮಾತ್ರ. ಮತ್ತೆ ನಿಲ್ತದೆ."

"ಮತ್ತೆ ನಿಲ್ತದಲ್ಲ, ಇನ್ನೆಂತ ಬೇಕು ನಿನಗೆ?"

"ವಾರ ಇಡೀ ಒಣಗಿ ಇರ್ತದಲ್ಲ, ಅದಕ್ಕೇ ಇರ್ಬೇಕು. ನೀರು ತುಂಬುವ ಮರದ ಮರಿಗೆಯನ್ನು ಬಿಸಿಲಿಗಿಟ್ಟರೆ ಬಿರಿಯುದಿಲ್ವಾ, ಹಾಗೆ. ಒಮ್ಮೆ ಬಂದು ನೋಡಿ."

"ಒಗೆಯುದು ನೀನು, ರಿಪೇರಿ ಮಾಡುದು ನಾನು. ಬೇಕಾದರೆ ಕೆಲಸ ಬದಲಾಯಿಸುವ ಮಾರಾಯ್ತಿ."

ಅವರು ನಕ್ಕರು. ಮುಂದಿನ ಸೋಮವಾರವೂ ಹೇಳಿದರು. ಅದರ ಮುಂದಿನ ಸೋಮವಾರ ನಗದೆ ಹೇಳಿದರು. ನಾನು ಹೋಗಲಿಲ್ಲ.

ಆ ಶನಿವಾರ ಮೋಟಾರು ಸುಟ್ಟಿತು. ನಾನು ಹೋದಾಗ ಅಂಗಳದ ತುಂಬ ಸುಟ್ಟ ವಾಸನೆ. ಯಂತ್ರದ ಪಕ್ಕದಲ್ಲಿ, ಚಾದರಗಳನ್ನು ನೆನೆಹಾಕಲು ಆ ಹೆಂಗಸು ತಂದಿಟ್ಟ ಬೂದಿನೀರಿನ ಮಡಕೆ ಇತ್ತು. ತೊಟ್ಟಿ ಬಿಚ್ಚಿ ಕೈಹಾಕಿದೆ. ಚರ್ಮದ ಬಿಲ್ಲೆ ಕುಗ್ಗಿ, ಅಂಚು ಮುರುಟಿಕೊಂಡು ಬೆರಳಿಗೆ ಸಿಕ್ಕಿತು. ಪಂಪಿನೊಳಗೆ ಚರ್ಮ ಸದಾ ನೀರಲ್ಲೇ ಇರುತ್ತದೆ. ಇಲ್ಲಿ ವಾರಕ್ಕೆ ಆರು ದಿನ ಒಣಗುತ್ತದೆ. ನನ್ನ ತಲೆಗೆ ಹೊಳೆಯದಿದ್ದುದು ಅವರಿಗೆ ಹೊಳೆದಿತ್ತು. ಪ್ರತಿ ವಾರ ಮೊದಲ ತೊಟ್ಟಿಯ ನೀರು ನೇರ ಮೋಟಾರಿನ ಮೇಲೆ ಬಿದ್ದಿತ್ತು.

ನಾನು ಬಿಲ್ಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.

"ಎಂತ ಆಗಿದೆ?" ಎಂದು ವಕೀಲರ ಹೆಂಡತಿ ಕೇಳಿದರು.

"ಬೂದಿನೀರು ಹಾಕಿದ್ದಾಳೆ ಅಮ್ಮ. ಬೂದಿ ಒಳಗೆ ಹೋಗಿ ಮೋಟಾರು ಹಿಡಿದಿದೆ."

"ಇಲ್ಲ ಅಮ್ಮ" ಎಂದರು ಆ ಹೆಂಗಸು. "ಅದು ಚಾದರಕ್ಕೆ ತಂದದ್ದು. ಮಿಷನಿಗೆ ಸಾಬೂನು ಬಿಟ್ಟು ಬೇರೆಂತದ್ದೂ ಹಾಕಲಿಲ್ಲ. ಅಣ್ಣನ ಹತ್ರ ನಾನು ಮೂರು ಸಲ ಹೇಳಿದ್ದೇನೆ, ಕೇಳಿ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಇಕ್ಕಳ ಒರಸುತ್ತಾ, "ನನ್ನ ಹತ್ರ ಎಂತದೂ ಹೇಳಲಿಲ್ಲ" ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೋ ಏನೋ. ವಕೀಲರು ಹೊರಗೆ ಬಂದು, "ಇದನ್ನು ಬಿಸಾಡಿ ಬೇರೆ ಯಂತ್ರ ತರಿಸುದಾ, ಇದನ್ನೇ ಸರಿ ಮಾಡುದಾ?" ಎಂದು ಕೇಳಿದರು. ನಾನು, "ಯಂತ್ರ ಒಳ್ಳೆಯದುಂಟು. ಬದಲಾಯಿಸುದಾದರೆ ನಡೆಸುವ ಜನವನ್ನು ಬದಲಾಯಿಸಿ" ಎಂದೆ. ಆ ಹೆಂಗಸು ಮಡಕೆಯನ್ನು ಎತ್ತಿಕೊಂಡರು. ಗೇಟಿನ ಹತ್ತಿರ ಒಮ್ಮೆ ನಿಂತು ಮನೆಯ ಕಡೆ ತಿರುಗಿ, "ಮಡಿಗೆ ಬರುದು ಬೇಡವಾ ಅಮ್ಮ?" ಎಂದು ಕೇಳಿದರು. ವಕೀಲರ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಮೋಟಾರಿಗೆ ಹೊಸ ತಂತಿ ಸುತ್ತಿದೆ. ಈ ಸಲ ಲಾರಿಯ ಹಳೆಯ ಟ್ಯೂಬಿನಿಂದ ರಬ್ಬರಿನ ಬಿಲ್ಲೆ ಕತ್ತರಿಸಿ ಹಾಕಿದೆ. ಮೊದಲೇ ಹಾಕಬೇಕಾದದ್ದು ಅದು. ಮತ್ತೆ ಯಂತ್ರ ಒಂದು ಹನಿಯೂ ಸೋರಲಿಲ್ಲ. ಯಂತ್ರ ಚೆನ್ನಾಗಿ ನಡೆದಷ್ಟೂ ನನ್ನ ಸುಳ್ಳು ನಿಜವಾಗುತ್ತಾ ಹೋಯಿತು. "ಆ ಹೆಂಗಸು ಹೋದ ಮೇಲೆ ಮಿಷನಿಗೆ ತೊಂದರೆಯೇ ಇಲ್ಲ" ಎಂದು ವಕೀಲರ ಹೆಂಡತಿ ಬಂದವರಿಗೆಲ್ಲ ಹೇಳಿದರು. ಅಕ್ಕಪಕ್ಕದ ಮನೆಗಳೂ ಆ ಹೆಂಗಸನ್ನು ಬಿಟ್ಟವು. ಮಗಳಿಗೆ ಹೆರಿಗೆಯಾಯಿತು, ಸೂತಕ ಕಳೆಯುವ ದಿನ ಬೇರೆ ಯಾರೋ ಬಂದು ಮಡಿ ಕೊಟ್ಟರಂತೆ.

ನನ್ನ ಬಟ್ಟೆಯ ವಿಷಯ ಹೇಳಬೇಕು. ಆ ಶನಿವಾರ ಅಂಗಿಯನ್ನು ಬಿಚ್ಚಿ ಎಂದಿನಂತೆ ಮೊಳೆಗೆ ತೂಗುಹಾಕಿದ್ದೆ. ಸೋಮವಾರ ನಾನು ವಕೀಲರ ಮನೆಗೆ ಹೋಗಿದ್ದಾಗ ಆ ಹೆಂಗಸು ಬಂದು, ಎಂದಿನಂತೆ, ಒಯ್ದಿದ್ದರು. ಕಿಸೆಯಲ್ಲಿದ್ದ ಬಿಲ್ಲೆ ಆಗ ನೆನಪಾಯಿತು. ಬಿಲ್ಲೆ ಎಲ್ಲೋ ಬಿದ್ದಿರಬಹುದು ಎಂದು ಸಮಾಧಾನ ಹೇಳಿಕೊಂಡೆ. ಗುರುವಾರ ಕೆಲಸ ಮುಗಿಸಿ ಕೋಣೆಗೆ ಬಂದರೆ ಚಾಪೆಯ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಕಿತ್ತುಹೋಗಿದ್ದ ಗುಂಡಿಯನ್ನೂ ಹೊಲಿದಿದ್ದರು. ಮೇಲೆ ಬಾಳೆಲೆಯ ತುಂಡಿನಲ್ಲಿ ಚರ್ಮದ ಬಿಲ್ಲೆ.

ಅದನ್ನು ವಕೀಲರ ಮನೆಗೆ ಕೊಂಡುಹೋಗಿ ತೋರಿಸಬಹುದಿತ್ತು. ತೋರಿಸಲಿಲ್ಲ. ಅದರ ನಂತರ ಸೋಮವಾರ ಯಾರೂ ಬರಲಿಲ್ಲ. ಆ ಹೆಂಗಸು ಊರು ಬಿಟ್ಟರು ಎಂದು ಕೇಳಿದೆ. ಆ ಬಾಗಿಲಲ್ಲಿ ನಿಂತು ನಾನು ಏನು ಉಂಡೆ ಎಂದು ಕೇಳುವವರು ಮತ್ತೆ ಇರಲಿಲ್ಲ. ಕಲ್ಲಿನ ಮೇಲೆ ನನ್ನ ಅಂಗಿಯನ್ನು ನಾನೇ ಕುಕ್ಕುತ್ತಿದ್ದೆ.

ವಕೀಲರು ಹೆಸರು ಹೇಳಿದರು, ನನಗೆ ಸುಳ್ಯದಲ್ಲಿ ಲೈನ್ ಕೆಲಸ ಸಿಕ್ಕಿತು. ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ ಅಲ್ಲೇ ಹತ್ತಿರದ ಕಲ್ಲುಗುಂಡಿ ಊರಿನಲ್ಲಿ ಕರೆಂಟು ಕಂಬ ಹತ್ತಿದ್ದೆ. ಆಗಷ್ಟೇ ಒಂದು ಮಳೆ ಬಿದ್ದು ಕಂಬ ಒದ್ದೆಯಾಗಿತ್ತು. ಕೆಳಗೆ ಹೊಳೆಯಲ್ಲಿ ಬಟ್ಟೆ ಕುಕ್ಕುವ ಸದ್ದು ಕೇಳಿ ನೋಡಿದೆ. ಅವರೇ. ತಲೆ ನರೆತಿತ್ತು. ಅವರೂ ತಲೆ ಎತ್ತಿದರು. ಗುರುತು ಹಿಡಿದರು.

"ಬಿಗಿ ಹಿಡಿದುಕೊಳ್ಳಿ ಅಣ್ಣ" ಎಂದು ಕೂಗಿದರು. "ಕಂಬ ಚಂಡಿ ಉಂಟು."

ನಾನು "ಹೂಂ" ಎಂದೆ. ಕೆಲಸ ಮುಗಿದ ಮೇಲೂ ಬಹಳ ಹೊತ್ತು ಮೇಲೆಯೇ ಕುಳಿತಿದ್ದೆ. ಅವರು ಗಂಟು ಹೊತ್ತು, ದಡ ಹತ್ತಿ, ರಸ್ತೆ ದಾಟಿ ಹೋದ ಮೇಲೆ ಇಳಿದೆ. ಮತ್ತೆ ಅವರನ್ನು ನೋಡಲಿಲ್ಲ.

ಬಿಲ್ಲೆ ಈಗಲೂ ನನ್ನ ಹತ್ತಿರ ಇದೆ. ಒಣಗಿ ಕಟ್ಟಿಗೆಯಂತಾಗಿದೆ. ನಾನು ಕ್ಷಮೆ ಕೇಳಬೇಕಾಗಿದ್ದದ್ದು ವಕೀಲರಲ್ಲಿ ಅಲ್ಲ, ಅವರ ಹೆಂಡತಿಯಲ್ಲೂ ಅಲ್ಲ. ದರ್ಬೆಯಲ್ಲಿ ಸೋಮವಾರ ಸೋಮವಾರ ನನ್ನ ಬಟ್ಟೆ ಒಯ್ಯುತ್ತಿದ್ದ, ಒಗೆದಿಟ್ಟ ಹೊಸ ಸೀರೆಯನ್ನು ಯಾರಿಗೂ ಕೊಡಲಾಗದೆ ಊರು ಬಿಟ್ಟ ಆ ಮಡಿವಾಳ ಹೆಂಗಸಿನಲ್ಲಿ.