ಕಾರ್ಬನ್ ಫೈಬರ್ ಮೇಲೆ ಈಡುಗಾಯಿ

ರಾಚೆಸ್ಟರ್ ಹಿಲ್ಸ್‌ನ ನಮ್ಮ ಕಂಪನಿಯಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಮ್ಯಾನೇಜರ್ ಮಾತ್ರ ಬೆಂಗಳೂರಿನವರು. ಅವರಿಗೆ ನಾನು 'ಸರ್' ಅನ್ನಲೇಬೇಕಿತ್ತು. ಅಮೆರಿಕಕ್ಕೆ ಬಂದು ಎಷ್ಟೋ ವರ್ಷವಾದರೂ ಆ ಒಂದು ಸಾಮಾನನ್ನು ಊರಿನಿಂದ ತಂದು ಜೋಪಾನವಾಗಿ ಇಟ್ಟುಕೊಂಡಿದ್ದರು.

ಡಾಟ್‌ಕಾಮ್ ಮುಳುಗಿ ಎಲ್ಲೆಲ್ಲೂ ಕೆಲಸ ಹೋಗುತ್ತಿದ್ದ ಕಾಲ ಅದು. ಕಾರ್ಬನ್ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಕಾರಿನ ಪೆಟ್ರೋಲ್ ಟ್ಯಾಂಕಿಗೆ ಕೆಳಗಿನಿಂದ ಕಲ್ಲು ಬಡಿಯದಂತೆ ಕಾಯುವ ಹಲಗೆಯೊಂದನ್ನು ನಾನು ಮಾಡಿದ್ದೆ. ಕೊಳ್ಳುವ ಕಂಪನಿಯವರು ಬಂದು, ತಮ್ಮ ಕಣ್ಣೆದುರೇ ಅದರ ಮೇಲೆ ಭಾರ ಬೀಳಿಸಿ ನೋಡುವವರಿದ್ದರು. ಹಲಗೆ ಒಡೆದರೆ ಪ್ರಾಜೆಕ್ಟ್ ಮುಚ್ಚುತ್ತಿತ್ತು. ಅದರ ಜೊತೆ ನನ್ನ ಕೆಲಸವೂ ವೀಸಾವೂ ಹೋಗುತ್ತಿದ್ದವು.

ಪರೀಕ್ಷೆಯ ಹಿಂದಿನ ದಿನ ಆಯುಧಪೂಜೆ. ಸರ್ ಲ್ಯಾಬಿಗೆ ಹೂವು, ಕುಂಕುಮ, ತೆಂಗಿನಕಾಯಿ ತಂದರು. ಫೈರ್ ಅಲಾರ್ಮ್ ಕೂಗುತ್ತದೆಂದು ಊದುಬತ್ತಿ ಹಚ್ಚಲಿಲ್ಲ. ಅವರ ವಿವೇಕ ಅಲ್ಲಿಗೇ ಮುಗಿಯಿತು. ಕಾಯಿ ಒಡೆಯಲು ಕಲ್ಲು ಹುಡುಕಿದರು, ಸಿಗಲಿಲ್ಲ. ಎರಡು ಸ್ಟ್ಯಾಂಡುಗಳ ಮೇಲೆ ಇಟ್ಟಿದ್ದ ನನ್ನ ಹಲಗೆ ಕಣ್ಣಿಗೆ ಬಿತ್ತು. ನಾನು ಅಡ್ಡ ಬರುವ ಮೊದಲೇ ಕಾಯನ್ನು ಎತ್ತಿ ಕುಕ್ಕಿದರು. ಮೂರನೇ ಏಟಿಗೆ ಕಾಯಿ ಒಡೆಯಿತು.

"ನೋಡಮ್ಮಾ, ಒಂದು ಗೀರೂ ಬಿದ್ದಿಲ್ಲ! ಇದು ನಮ್ ಮೆಟೀರಿಯಲ್ಲು!"

"ಸರ್, ತಗಡಾಗಿದ್ರೆ ತಗ್ಗು ಬೀಳ್ತಿತ್ತು. ಇದು ಮೇಲೆ ಏನೂ ತೋರ್ಸಲ್ಲ, ಒಳಗೇ ಪದರ ಬಿಟ್ಕೊಂಡಿರುತ್ತೆ. ನಾಳೆ ಸ್ಪೇರ್ ಪ್ಯಾನಲ್ ಹಾಕೋಣ."

"ಪೂಜೆ ಆಗಿರೋದನ್ನ ಬಿಟ್ಟು ಬೇರೇದು ಹಾಕ್ತಾರಾ ಯಾರಾದ್ರೂ? ಪಿಎಚ್‌ಡಿ ಮಾಡಿದೀಯ, ಇಷ್ಟೂ ಗೊತ್ತಾಗಲ್ವಾ?"

ಒಳಪೆಟ್ಟು ಹೊರಗೆ ಕಾಣುವುದಿಲ್ಲ ಎಂಬುದು ಕಾನ್ಫರೆನ್ಸುಗಳಲ್ಲಿ ಈ ಮಹಾಶಯರು ತೋರಿಸುತ್ತಿದ್ದ ಮೊದಲನೇ ಸ್ಲೈಡು. ಅದನ್ನು ಮಾಡಿಕೊಟ್ಟವಳು ನಾನೇ. ಅವರು ಅದನ್ನು ಯಾವತ್ತೂ ಓದಿರಲಿಲ್ಲ ಎಂಬುದು ಅವತ್ತು ಖಾತ್ರಿಯಾಯಿತು.

ಮರುದಿನ ಪೂಜೆಯಾದ ಹಲಗೆಯೇ ಯಂತ್ರಕ್ಕೆ ಹೋಯಿತು. ಭಾರ ಬಿದ್ದ ಕೂಡಲೇ ಹಪ್ಪಳದಂತೆ ಮುರಿಯಿತು. ಬಂದಿದ್ದ ಎಂಜಿನಿಯರು ಚೂರೊಂದನ್ನು ಎತ್ತಿ ನೋಡಿ, ಇದಕ್ಕೆ ಮೊದಲೇ ಏಟು ಬಿದ್ದಿತ್ತೇ ಎಂದು ಕೇಳಿದ.

"ಇಲ್ಲವೇ ಇಲ್ಲ," ಎಂದರು ಸರ್, ಇಂಗ್ಲಿಷಿನಲ್ಲಿ. "ಪದರ ಅಂಟಿಸುವಾಗ ಇವಳೇನೋ ತಪ್ಪು ಮಾಡಿರಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. "ಏಟು ಬಿದ್ದಿದೆ. ನಿನ್ನೆ ಇದರ ಮೇಲೆ ತೆಂಗಿನಕಾಯಿ ಒಡೆದರು," ಎಂದೆ.

ಅವನು ಎರಡು ಸಲ ಕೇಳಿಸಿಕೊಂಡ. ಚೂರಿಗೆ ಮೆತ್ತಿದ್ದ ಕುಂಕುಮವನ್ನು ಬೆರಳಿನಿಂದ ಉಜ್ಜಿ ನೋಡಿದ. ನಗಲಿಲ್ಲ, ಪುಣ್ಯಾತ್ಮ, ಬೇರೆ ಹಲಗೆ ಇದೆಯೇ ಎಂದು ಕೇಳಿದ. ಸ್ಪೇರ್ ಹಾಕಿದೆ. ಭಾರ ಬಿದ್ದು ಪುಟಿದು ನಿಂತಿತು, ಹಲಗೆ ಅಲುಗಲಿಲ್ಲ. ಸರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ತಿಂಗಳು ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಸರ್ ಹತ್ತಾರು ಅಂಕಲ್‌ಗಳ ನಡುವೆ ನಿಂತು ಕತೆ ಹೇಳುತ್ತಿದ್ದರು. "ಬಿದ್ದಿದ್ ದೃಷ್ಟಿಯೆಲ್ಲ ಮೊದಲ್ನೇ ಪ್ಯಾನಲ್ ಜೊತೆಗೇ ಹೋಯ್ತು ನೋಡಿ. ನಾನು ಪೂಜೆ ಮಾಡಿದ್ದಕ್ಕೇ ಎರಡನೇದು ಪಾಸಾಯ್ತು. ಅಲ್ವೇನಮ್ಮಾ?"

ಅಂಕಲ್‌ಗಳೆಲ್ಲ ತಲೆದೂಗಿ ನನ್ನ ಕಡೆ ತಿರುಗಿದರು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಸರ್ ಸಹಿಗೆ ಕಾಯುತ್ತ ಅವರ ಮೇಜಿನ ಮೇಲಿತ್ತು. "ಹೌದು ಸರ್," ಎಂದೆ, ಮುಖದಲ್ಲಿ ಒಂದು ಗೀರೂ ಕಾಣದ ಹಾಗೆ.