ಕುಂಚಿಗೆ ಮಾರುವ ಕೋರ್ಸು

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಇದರಿಂದಾಗಿ ನನಗೆ ವ್ಯಾಪಾರ ಗೊತ್ತಿದೆ ಎಂದು ನಮ್ಮ ಬಳಗದವರೆಲ್ಲ ತಿಳಿದುಕೊಂಡಿದ್ದಾರೆ. ನಾನು ಜೀವಮಾನದಲ್ಲಿ ಒಂದು ಕಟ್ಟು ಕೊತ್ತಂಬರಿಯನ್ನೂ ಮಾರಿದವಳಲ್ಲ. ಆದರೂ 'ಮನೆಯಲ್ಲೇ ಕುಳಿತು ಗಳಿಸಿ' ಎಂಬ ಜಾಹೀರಾತು ಯಾರ ಫೋನಿನಲ್ಲಿ ಕಂಡರೂ ಅದು ಜವಳಗೇರಾದಿಂದ ಹೊರಟು, ಸಿಂಧನೂರು, ಮಸ್ಕಿ ದಾಟಿ, ಕೊನೆಗೆ ನನ್ನ ಫೋನಿಗೆ ಬಂದು ಬೀಳುತ್ತದೆ. ಕೆಳಗೆ ಒಂದೇ ಸಾಲು ಇರುತ್ತದೆ: 'ಖರೆ ಐತೋ ಸುಳ್ಳೈತೋ ನೋಡಿ ಹೇಳು.'

ಈ ಕೆಲಸ ನನಗೆ ಬೇಜಾರಿಲ್ಲ. ಕೆಲವರು ಧಾರಾವಾಹಿ ನೋಡುತ್ತಾರೆ, ನಾನು ಈ ಕೋರ್ಸುಗಳ ಉಚಿತ ಕ್ಲಾಸು ನೋಡುತ್ತೇನೆ. ಫೋನನ್ನು ಸ್ಟೀಲಿನ ಡಬ್ಬಿಗೆ ಒರಗಿಸಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಸರ್ ಒಬ್ಬರು ಬರುತ್ತಾರೆ. ಹಿಂದೆ ಒಂದು ಬಿಳಿ ಕಾರು. ಮೊದಲು ತಮ್ಮ ಕಷ್ಟದ ದಿನ ನೆನೆಸಿ ಕಣ್ಣು ಒರೆಸಿಕೊಳ್ಳುತ್ತಾರೆ, ಆಮೇಲೆ ಕಾರಿನ ಕಡೆ ನೋಡಿ ನಗುತ್ತಾರೆ. ಮೂಲೆಯಲ್ಲೊಂದು ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ, ಅದು ನಿಲ್ಲುವುದರೊಳಗೆ ಸೇರಿದರೆ ಅರ್ಧ ಫೀಸು. ಮರುದಿನ ನೋಡಿದರೆ ಅದೇ ಗಡಿಯಾರ ಮತ್ತೆ ಓಡುತ್ತಿರುತ್ತದೆ. ಎಲ್ಲಕ್ಕಿಂತ ಅವರು ನಮ್ಮನ್ನು 'ಚಾಂಪಿಯನ್ಸ್' ಎಂದು ಕರೆಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಮೆಂತ್ಯೆ ಸೊಪ್ಪು ಬಿಡಿಸುವುದರಲ್ಲಿ ನಾನು ಯಾರನ್ನು ಸೋಲಿಸಿದೆ?

ಹಾಗಂತ ಎಲ್ಲವೂ ಸುಳ್ಳು ಎನ್ನುವವರ ಪೈಕಿ ನಾನಲ್ಲ. ಜವಳಗೇರಾದ ನಮ್ಮ ಸೋದರಮಾವ ಅಣಬೆ ಬೆಳೆಯುವ ಕೋರ್ಸು ಕಳಿಸಿದಾಗ ನಾನೇ ಸೇರಿರಿ ಎಂದೆ. ಆ ಕಲಿಸುವವರು ಕ್ಯಾಮೆರಾ ಹಿಡಿದುಕೊಂಡು ತಮ್ಮ ಶೆಡ್ಡಿಗೆ ಹೋದರು, ಬೇಸಿಗೆಯಲ್ಲಿ ಕೊಳೆತುಹೋದ ಚೀಲಗಳನ್ನು ತೋರಿಸಿದರು, ಎಲ್ಲಿ ತಪ್ಪಿದೆ ಎಂದು ಹೇಳಿದರು. ತನ್ನ ಲುಕ್ಸಾನಿನ ಮಾತು ತಾನೇ ತೆಗೆಯುವವರನ್ನು ನಾನು ನಂಬುತ್ತೇನೆ. ಮಾವನ ಮನೆಯಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ, ಈಗ ಆ ಹುಲ್ಲಿನಲ್ಲೇ ಅಣಬೆ ಏಳುತ್ತಿವೆ. ಆದರೆ ಪಾಮನಕಲ್ಲೂರಿನ ಒಬ್ಬ ನೆಂಟ ಸರಕನ್ನು ಕಣ್ಣಿಂದ ನೋಡದೆಯೇ ಮಾರುವ ಕೋರ್ಸು ತಂದಿದ್ದ. ಜಾಹೀರಾತಿನಲ್ಲಿ ಗೆದ್ದ ವಿದ್ಯಾರ್ಥಿಯೊಬ್ಬನ ಫೋಟೋ ಇತ್ತು. ಹುಡುಕಿ ಅವನಿಗೇ ಫೋನು ಮಾಡಿದೆ. ಏನು ಮಾರುತ್ತೀಯಪ್ಪ ಎಂದು ಕೇಳಿದರೆ ಅವನು ನನಗೆ ಅದೇ ಕೋರ್ಸು ಮಾರಲು ಶುರು ಮಾಡಿದ. ನಾನು ಬೇಡ ಎಂದದ್ದಕ್ಕೆ ನೆಂಟ ಇವತ್ತಿಗೂ ಮದುವೆ ಮನೆಯಲ್ಲಿ ನನ್ನನ್ನು ಕಂಡರೆ ಪಂಕ್ತಿ ಬದಲಿಸುತ್ತಾನೆ.

ಹೀಗೆ ಹಾಯಾಗಿ ನಡೆದಿದ್ದ ನನ್ನ ಪರೀಕ್ಷಾ ಕಾರ್ಯ ಮಸ್ಕಿಯ ನನ್ನ ತಂಗಿಯ ಹತ್ತಿರ ಬಂದು ತಡವರಿಸಿತು.

ತಂಗಿ ಕುಂಚಿಗೆ ಹೊಲಿಯುತ್ತಾಳೆ. ಕುಂಚಿಗೆ ಎಂದರೆ ಹಸುಗೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು, ಬೆನ್ನ ಮೇಲೆ ಸೆರಗಿನ ಹಾಗೆ ಇಳಿಯುವ ಬಟ್ಟೆ. ಇವಳು ಖಣದ ಬಟ್ಟೆಗೆ ಅಂಚು ಕೂಡಿಸಿ, ಮಣಿ ಪೋಣಿಸಿ, ತುದಿಗೆ ಗೊಂಡೆ ಕಟ್ಟುತ್ತಾಳೆ. ಅದನ್ನು ತೊಡಿಸಿದರೆ ಎಂಥ ಅಳುಬುರುಕ ಕೂಸೂ ರಾಜನ ಕಳೆ ತಂದುಕೊಳ್ಳುತ್ತದೆ. ಮಸ್ಕಿಯಲ್ಲಿ, ಸುತ್ತಲ ಹಳ್ಳಿಗಳಲ್ಲಿ ಅವಳ ಕುಂಚಿಗೆ ಹಾಕಿಕೊಂಡು ಬೆಳೆದ ಮಕ್ಕಳು ಶಾಲೆ ತುಂಬುವಷ್ಟಿದ್ದಾರೆ. ಅಷ್ಟೂ ಪುಕ್ಕಟೆ. ಗಂಡ ಬಸ್ ಕಂಡಕ್ಟರ್, ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಆದ್ದರಿಂದ ಓಣಿಯ ಹೆಂಗಸರು ಬಂದು ಅನ್ನುವ ಮಾತು ಒಂದೇ: 'ಖಾಲಿ ಕುಂತಿರ್ತೀಯಲ್ಲ, ಒಂದು ಕುಂಚಗಿ ಹೊಲದ್ ಕೊಡು.' ಆ 'ಖಾಲಿ' ಎಂಬ ಮಾತು ಅವಳಿಗೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ತನ್ನದನ್ನೂ ಜನ ಒಂದು ಕೆಲಸ ಅನ್ನಬೇಕು, ಅದೊಂದೇ ಅವಳ ಆಸೆ.

ಒಂದು ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಳು.

"ಅಕ್ಕಾ, ನಾ ಒಂದು ಕೋರ್ಸಿಗೆ ಸೇರಬೇಕಂತ ಮಾಡೀನಿ. ಮನ್ಯಾಗ ಮಾಡಿದ್ದು ಮಾರೂದು ಹೆಂಗ ಅಂತ ಕಲಸ್ತಾರಂತ."

"ರೊಕ್ಕ?"

"ಮಷಿನ್ನಿಗಂತ ಕೂಡಿಟ್ಟೀನಲ್ಲ, ಅವ ಅದಾವ."

ಅವಳದು ಕಾಲಿನಿಂದ ತುಳಿಯುವ ಹಳೆ ಮಷಿನ್ನು. ಕರೆಂಟಿನದೊಂದು ಕೊಳ್ಳಬೇಕೆಂದು ಎಷ್ಟೋ ದಿನದಿಂದ ಒಂದೊಂದೇ ನೋಟು ಎತ್ತಿಟ್ಟಿದ್ದಳು. ಕೋರ್ಸಿನ ಫೀಸು ಆ ಡಬ್ಬಿಯನ್ನು ಪೂರಾ ಬರಿದು ಮಾಡುವಷ್ಟಿತ್ತು.

"ಮಷಿನ್ ತಗೊಂಡ್ರ ಜಲ್ದಿ ಜಲ್ದಿ ಹೊಲೀತಿ ಬೇ. ಇದನ್ನ ತಗೊಂಡು ಏನ್ ಮಾಡ್ತಿ?"

"ಜಲ್ದಿ ಹೊಲದ್ರ ಜಲ್ದಿ ಜಲ್ದಿ ಮುಫತ್ ಕೊಟ್ಟಂಗ ಆಗ್ತೈತಿ, ಅಷ್ಟ," ಎಂದಳು.

ಮೊದಲು ಉಚಿತ ಕ್ಲಾಸು ನೋಡೋಣ, ಆಮೇಲೆ ಮಾತಾಡೋಣ ಎಂದೆ. ಇಬ್ಬರೂ ಡಬ್ಬಿಗೆ ಒರಗಿಸಿದ ಫೋನಿನ ಮುಂದೆ ಕೂತೆವು.

ಅದು ನೇರ ಪ್ರಸಾರದ ಕ್ಲಾಸು, ಬೆಂಗಳೂರಿನ ಸರ್. ನಾಜೂಕು ಮಾತು, ಬೂದು ಬಣ್ಣದ ಕೋಟು. ಚಾಂಪಿಯನ್ಸ್ ಎಂದರು, ನಾನು ಹಲ್ಲು ಕಚ್ಚಿದೆ. ನಿಮ್ಮ ಗ್ರಾಹಕರು ಯಾರು ಎಂದು ಒಂದೇ ಮಾತಿನಲ್ಲಿ ಬರೆದು ಕಳಿಸಿ ಎಂದರು. ತಂಗಿ ತಟ್ಟನೆ 'ತೊಟ್ಟಿಲಿಗೆ ಹೋಗೋರು' ಎಂದು ಬರೆದಳು. ನಮ್ಮ ಕಡೆ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ತೊಟ್ಟಿಲು ಎಂದೇ ಅನ್ನುತ್ತಾರೆ. ಸರ್ ಅದನ್ನು ಗಟ್ಟಿಯಾಗಿ ಓದಿದರು.

"ತೊಟ್ಟಿಲಿಗೆ ಹೋಗೋರು ಅಂದ್ರೆ ಮಕ್ಕಳಾ ಮೇಡಂ? ಮಕ್ಕಳ ಹತ್ರ ದುಡ್ಡೆಲ್ಲಿರುತ್ತೆ? ನಿಮ್ಮ ಗ್ರಾಹಕರು ತಾಯಂದಿರು. ಸರಿಯಾಗಿ ಬರ್ಕೊಳ್ಳಿ."

ತಂಗಿ ಬರೆದುಕೊಳ್ಳಲಿಲ್ಲ. ನನ್ನ ಕಿವಿಯಲ್ಲಿ ಅಂದಳು: "ತಾಯಿ ಯಾಕ ಕೊಳ್ತಾಳಕ್ಕ, ಆಕಿ ಬಾಣಂತಿ. ಕುಂಚಗಿ ತಗೊಂಡು ಹೋಗೋರು ನೆಂಟ್ರು. ನಾಕು ಮಂದ್ಯಾಗ ತಮ್ದು ಚಂದ ಕಾಣಬೇಕಂತ ಅವ್ರಿಗಿ ಇರ್ತೈತಿ." ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಪೂರ್ತಿ ಅಂಕ ಕೊಟ್ಟು ಬೆನ್ನು ಚಪ್ಪರಿಸುತ್ತಿದ್ದೆ.

ಆಮೇಲೆ ಪ್ರಶ್ನೆ ಕೇಳುವ ಹೊತ್ತು ಬಂತು. ತಂಗಿ ಸೆರಗು ಸರಿಮಾಡಿಕೊಂಡು, ಬಲು ವಿನಯದಿಂದ ಕೇಳಿದಳು:

"ಸರ್, ನಿಮ್ದು ದಂಧಿ ಏನ್ರಿ?"

ಇದಕ್ಕಿಂತ ಮರ್ಯಾದೆಯ ಪ್ರಶ್ನೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು, ಕನ್ಯೆ ನೋಡಲು ಬಂದವರನ್ನು, ಎಲ್ಲರನ್ನೂ ಹೀಗೇ ಕೇಳುತ್ತೇವೆ. ದಂಧೆ ಎಂದರೆ ಕಸುಬು, ಅನ್ನ ಕೊಡುವ ಕೆಲಸ. ಆದರೆ ಪೇಪರಿನವರು ಮರಳು ದಂಧೆ, ಜೂಜಿನ ದಂಧೆ ಎಂದು ಬರೆದು ಬರೆದು ಬೆಂಗಳೂರು ಕಡೆಯವರಿಗೆ ಆ ಪದ ಕೇಳಿದರೆ ಪೊಲೀಸರೇ ನೆನಪಾಗುತ್ತಾರೆ. ಸರ್ ಮುಖ ಕೆಂಪಗಾಯಿತು.

"ಮೇಡಂ, ಮಾತು ನೋಡ್ಕೊಂಡು ಆಡಿ. ನಾವು ದಂಧೆ ಮಾಡೋರಲ್ಲ."

"ಹಂಗಾದ್ರ ನೀವು ಏನೂ ಮಾಡಂಗಿಲ್ಲೇನ್ರಿ?" ಎಂದಳು ತಂಗಿ, ನಿಜವಾಗಿಯೂ ಮರುಕಪಟ್ಟು.

ಅಷ್ಟಕ್ಕೇ ನಮ್ಮ ಧ್ವನಿ ಬಂದ್ ಆಯಿತು, ಇನ್ನೊಂದು ಕ್ಷಣಕ್ಕೆ ಕ್ಲಾಸಿನಿಂದಲೇ ಹೊರಗೆ ಬಿದ್ದೆವು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ತಂಗಿ ನಗಲಿಲ್ಲ.

"ಅವ್ರು ಸಿಟ್ಟಾದ್ರು. ಇನ್ನ ಸೇರಿಸ್ಕೊಳ್ಳಂಗಿಲ್ಲ," ಎಂದು ಸಣ್ಣ ಮುಖ ಮಾಡಿದಳು.

"ರೊಕ್ಕ ಕೊಟ್ರ ನಾಯಿ ಬೆಕ್ಕುನೂ ಸೇರಿಸ್ಕೊಳ್ತಾರ. ಆದ್ರ ನೀ ಕೇಳಿದ್ದು ಬರೋಬ್ಬರಿ ಐತಿ. ಅವ್ರು ಏನರ ಮಾರಿದ್ರ ತಾನ ನಿನಗ ಮಾರೂದು ಕಲಸೂದು? ಕೋರ್ಸ್ ಒಂದ ಅವ್ರು ಮಾರೂದು."

"ನೀನೂ ಅದನ್ನ ಕಲಸ್ತಿ. ನೀ ಏನ್ ಮಾರ್ತಿ?"

"ನಾ ಏನೂ ಮಾರಂಗಿಲ್ಲ, ಪಗಾರ ತಗೋತೀನಿ," ಎಂದೆ. ಆಗ ಇಬ್ಬರಿಗೂ ನಗು ಬಂತು.

ನಗು ನಿಂತ ಮೇಲೆ ಕೇಳಿದೆ, ಈ ಕೋರ್ಸಿನಲ್ಲಿ ನಿನಗೆ ಬೇಕಾದದ್ದು ಏನಿದೆ ಎಂದು. ಅವಳು ಪಾಠಗಳ ಪಟ್ಟಿ ತೆರೆದು ಒಂದರ ಮೇಲೆ ಬೆರಳಿಟ್ಟಳು. 'ಬೆಲೆ ಹೇಳುವ ಕಲೆ.' ಅದೊಂದಕ್ಕಾಗಿ ಮಷಿನ್ನಿನ ಡಬ್ಬಿ ಬರಿದು ಮಾಡಲು ಹೊರಟಿದ್ದಳು. ಖಣ ಎಷ್ಟಕ್ಕೆ ಬಂತು, ಮಣಿ ಎಷ್ಟು, ಮೈಮುರಿದು ದುಡಿದದ್ದಕ್ಕೆ ಕೂಲಿ ಎಷ್ಟು, ಲೆಕ್ಕವೆಲ್ಲ ಅವಳ ತಲೆಯಲ್ಲಿ ಪಕ್ಕಾ ಇತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ಬರುತ್ತಿರಲಿಲ್ಲ. ನಮ್ಮವರ ಮುಖ ನೋಡಿಕೊಂಡು ಇಷ್ಟು ಕೊಡ್ರಿ ಎನ್ನುವುದು ಅವಳಿಗೆ ಬೈಗುಳ ಬೈದಷ್ಟು ಕಷ್ಟವಾಗಿತ್ತು.

ಇದನ್ನು ನಾನೇ ಕಲಿಸುತ್ತೇನೆ ಎಂದು ಎದ್ದೆ. ಸೆರಗು ತಲೆ ಮೇಲೆ ಎಳೆದುಕೊಂಡು, ಅವಳ ಎದುರುಮನೆಯ ಅತ್ತೆಯಾಗಿ ಬಾಗಿಲಲ್ಲಿ ನಿಂತೆ.

"ಏನವ್ವಾ, ನನ್ನ ಮೊಮ್ಮಗಗ ಒಂದು ಕುಂಚಗಿ ಬೇಕಾಗಿತ್ತು."

"ಕೊಡ್ತೀನಿ ಬರ್ರಿ ಅತ್ತಿ."

"ಎಷ್ಟಾಗ್ತೈತಿ?"

ತಂಗಿ ನೆಲ ನೋಡಿದಳು, ಬಳೆ ತಿರುವಿದಳು. "ನಿಮಗ ತಿಳದಷ್ಟು ಕೊಡ್ರಿ ಅತ್ತಿ."

"ಆ ಅತ್ತಿ ಏನೂ ತಿಳಕೊಂಡಿಲ್ಲ ಬೇ," ಎಂದು ನಾನು ಸೆರಗು ಕಿತ್ತು ಒಗೆದೆ. "ಆಕಿಗೆ ತಿಳದಿದ್ದು ಮುಫತ್ ಒಂದ. ಇನ್ನೊಮ್ಮೆ ಹೇಳು."

ಇನ್ನೊಮ್ಮೆ, ಮತ್ತೊಮ್ಮೆ. ನಾನು ಸಣ್ಣತ್ತೆಯಾದೆ, ಶಾಲೆಯ ಟೀಚರಾದೆ, ಅವಳ ನಾದಿನಿಯೂ ಆದೆ. ಪ್ರತಿ ಸಲ ಬೆಲೆ ಗಂಟಲತನಕ ಬಂದು ವಾಪಸು ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು, ಅವಳ ಕಣ್ಣು ತೇವವಾಗಿದ್ದವು. ಕೊನೆಗೆ ನನ್ನ ಒಂದು ಮಾತನ್ನು ಮಾತ್ರ ನಡೆಸಿಕೊಟ್ಟಳು, ಕೋರ್ಸಿಗೆ ಸೇರಲಿಲ್ಲ. ಮರುವಾರ ಗಂಡನೊಡನೆ ಸಿಂಧನೂರಿಗೆ ಹೋಗಿ ಕರೆಂಟಿನ ಮಷಿನ್ನು ತಂದಳು. ನನಗೆ ಅಷ್ಟಕ್ಕೇ ಸಮಾಧಾನವಾಯಿತು, ನನ್ನ ಪರೀಕ್ಷೆ ಮುಗಿಯಿತು ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ನನ್ನ ಸಹೋದ್ಯೋಗಿಯೊಬ್ಬರ ಮಗಳ ಕೂಸಿಗೆ ಗೊರೇಬಾಳದಲ್ಲಿ ತೊಟ್ಟಿಲು ಇತ್ತು. ದಾರಿಯಲ್ಲೇ ಮಸ್ಕಿ. ತಂಗಿಯ ಮನೆಗೆ ಇಳಿದೆ. ಹೊಸ ಮಷಿನ್ನು ಕಿಟಕಿಯ ಹತ್ತಿರ ಕೂತಿತ್ತು, ಹಗ್ಗದ ಮೇಲೆ ಸಾಲಾಗಿ ಕುಂಚಿಗೆಗಳಿದ್ದವು. ಹಸಿರು ಖಣಕ್ಕೆ ಕೆಂಪು ಅಂಚಿನದೊಂದನ್ನು ಆರಿಸಿ ಬ್ಯಾಗಿಗೆ ಹಾಕಿಕೊಂಡೆ. ಚಹಾ ಕುಡಿದೆವು, ಅದೂ ಇದೂ ಮಾತಾಡಿದೆವು. ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದೆ.

"ಅಕ್ಕಾ," ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಏನ್ ಬೇ?"

ಕುಂಚಿಗೆಯ ಬೆಲೆ ಹೇಳಿ ಒಂದು ಕೈ ಚಾಚಿದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಡಹುಟ್ಟಿದ ಅಕ್ಕ ನಾನು. ಇವಳು ಹಡೆಯುವಾಗ ಕೋಣೆಯ ಬಾಗಿಲಲ್ಲಿ ರಾತ್ರಿಯಿಡೀ ಕೂತವಳು.

"ನನಗೂನು?"

"ನಿನಗ ಮೊದಲ ಹೇಳಬೇಕಂತ ಕಾಯಾಕತ್ತಿದ್ದೆ ಅಕ್ಕ. ಇನ್ನ ಯಾರಿಗೂ ಹೇಳಿಲ್ಲ. ನಿನಗ ಹೇಳಾಕ ಬಂದ್ರ ಬಾಕಿ ಮಂದಿಗೆ ಹೇಳೂದು ಏನ್ ದೊಡ್ಡದು."

ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಎದೆ ತುಂಬಿ ಬಂತು, ಅದನ್ನು ತೋರಿಸಿಕೊಳ್ಳಲು ಮನಸ್ಸಾಗಲಿಲ್ಲ. ಕೊಳ್ಳಲು ಬಂದವರು ಮಾಡುವುದನ್ನೇ ನಾನೂ ಮಾಡಿದೆ.

"ಬಾಳ ಆತು. ಸ್ವಲ್ಪ ಬಿಡು."

"ಬಿಡಂಗಿಲ್ಲಕ್ಕ," ಎಂದಳು.

ಅಳುತ್ತಿದ್ದಳು, ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.